ನೆಲ ಯಾರ ಅಳತೆಯದು?

ಮಳೆಗಾಲ ಸುರುವಾಗುವ ಹೊತ್ತಿಗೆ ಅಂಗಳಕ್ಕೆ ತೆಂಗಿನ ಮಡಲು ಹಾಸುವುದು, ಇಲ್ಲವೇ ಅಡಕೆ ಮರದ ಸಲಾಕೆ ಜೋಡಿಸುವುದು ನಮ್ಮ ಕಡೆಯ ಮನೆಗಳಲ್ಲಿ ಯಾರೂ ಹೇಳಿ ಮಾಡಿಸಬೇಕಾದ ಕೆಲಸವಲ್ಲ. ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡ ಒಬ್ಬ ಅಜ್ಜಿಯ ಕತೆ ಇಲ್ಲದ ಮನೆ ಮಂಜೇಶ್ವರದಿಂದ ಅಡೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಹೊಟ್ಟೆಪಾಡಿಗೆಂದು ಗೋವಾಕ್ಕೆ ಹೋಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ್ದೂ ಇದೇ ಕೆಲಸ. ಸಲಾಕೆ ಅಡಕೆಯದಲ್ಲ, ಕಬ್ಬಿಣದ್ದು.

ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಇದಕ್ಕೆ ಗ್ರೇಟಿಂಗ್ ಎನ್ನುತ್ತೇವೆ. ಕಬ್ಬಿಣದ ಉದ್ದ ಪಟ್ಟಿಗಳನ್ನು ಮಲಗಿಸದೆ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಸಾಲಾಗಿ ಜೋಡಿಸಿ, ಅಡ್ಡಸರಳುಗಳಿಂದ ಬೆಸೆದರೆ ಜಾಲರಿಯಂಥ ಒಂದು ಹಲಗೆಯಾಗುತ್ತದೆ. ನೀರು, ಎಣ್ಣೆ, ಕೊಳೆ ಎಲ್ಲ ಕಿಂಡಿಗಳಿಂದ ಕೆಳಗಿಳಿಯುತ್ತವೆ. ಕಾಲು ಮಾತ್ರ ಮೇಲೆ ಉಳಿಯುತ್ತದೆ. ಪಟ್ಟಿಯ ಮೇಲಂಚಿಗೆ ಗರಗಸದ ಹಾಗೆ ಹಲ್ಲು ಕೊಯ್ದರೆ ಅದು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತದೆ. ಕೊನೆಗೆ ಸುಮಾರು 450 ಡಿಗ್ರಿ ಕಾದ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆಯಬೇಕು. ಇಲ್ಲದಿದ್ದರೆ ಕಡಲ ಉಪ್ಪುಗಾಳಿ ಅದನ್ನು ಬಹಳ ದಿನ ಬಿಟ್ಟಿರುವುದಿಲ್ಲ. ನಮ್ಮಲ್ಲಿ ಹೆಚ್ಚು ಖರ್ಚಾಗುತ್ತಿದ್ದ ಮಾಲಿನಲ್ಲಿ ಪಟ್ಟಿಯಿಂದ ಪಟ್ಟಿಗೆ 30 ಮಿಲಿಮೀಟರ್, ಅಡ್ಡಸರಳಿನಿಂದ ಅಡ್ಡಸರಳಿಗೆ 100. ಪಟ್ಟಿಯ ದಪ್ಪ 5 ಕಳೆದರೆ ಕಿಂಡಿಯ ಅಗಲ 25 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಈ ಒಂದು ಅಂಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಗೋವಾದಲ್ಲಿ ಈ ಕೆಲಸಕ್ಕೆ ಬರವಿರಲಿಲ್ಲ. ಮಾಂಡವಿ, ಜುವಾರಿ ಹೊಳೆಗಳಲ್ಲಿ ಅದಿರು ಹೊತ್ತು ಮುರ್ಮಗೋವಾ ಬಂದರಿಗೆ ಇಳಿಯುತ್ತಿದ್ದ ಬಾರ್ಜುಗಳು, 2012ರಲ್ಲಿ ಗಣಿ ನಿಲ್ಲುವ ತನಕ, ಒಂದಲ್ಲ ಒಂದು ರಿಪೇರಿಗೆ ಬರುತ್ತಲೇ ಇದ್ದವು. ಹಡಗು ಕಟ್ಟುವ ಯಾರ್ಡು, ಔಷಧಿ ಕಾರ್ಖಾನೆ, ಮೀನಿನ ಘಟಕ, ಎಲ್ಲಿ ನೆಲ ಒದ್ದೆಯೋ ಅಲ್ಲಿ ನಮಗೆ ಅನ್ನ. ದಿವಾಡಿಗೆ, ಚೋಡಣಕ್ಕೆ ಹೋಗುವ ಫೆರಿ ದೋಣಿಯ ಮುಂದಿನ ಕಬ್ಬಿಣದ ಹಲಗೆಯ ಮೇಲೆ ಕಾಲಿಟ್ಟಾಗಲೂ ನಾನು ಮೊದಲು ನೋಡುತ್ತಿದ್ದದ್ದು ಹೊಳೆಯನ್ನಲ್ಲ. ಟಯರು ಜಾರದಂತೆ ಅದಕ್ಕೆ ಬೆಸೆದ ಸರಳುಗಳನ್ನು. ಕಸುಬು ಕಣ್ಣನ್ನು ಹೀಗೆ ಕೆಳಗಿಳಿಸಿಬಿಡುತ್ತದೆ. ಅಷ್ಟೆಲ್ಲ ನೆಲ ನೋಡಿದ ಕಣ್ಣಿಗೆ ಒಂದು ಸಂಗತಿ ಮಾತ್ರ ಕಾಣಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

2008ರ ಅಕ್ಟೋಬರ್. ಬಂಗುಡೆ ರಾಶಿ ರಾಶಿಯಾಗಿ ಬರುತ್ತಿದ್ದ ದಿನಗಳು. ದಕ್ಷಿಣ ಗೋವಾದ ಒಂದು ಮೀನಿನ ಘಟಕದಲ್ಲಿ ಗದಗದ ಕಡೆಯ ಒಬ್ಬ ಹೆಂಗಸು ಕ್ರೇಟು ಹೊತ್ತುಕೊಂಡು ಹೋಗುವಾಗ ಜಾರಿ ಬಿದ್ದಳು. ನೆಲಕ್ಕೆ ನುಣುಪು ಟೈಲು. ಅದರ ಮೇಲೆ ಕರಗಿದ ಮಂಜುಗಡ್ಡೆಯ ನೀರು, ಮೀನಿನ ಲೋಳೆ, ಹುರುಪೆ. ಬೆನ್ನುಮೂಳೆಯ ಕೆಳಭಾಗಕ್ಕೆ ಪೆಟ್ಟಾಗಿ ಎರಡೂ ಕಾಲುಗಳ ಬಲ ಹೋಯಿತು. ಮಾಲೀಕ ಕೆಟ್ಟವನಲ್ಲ. ಎಲ್ಲರೂ ಅವನನ್ನು ಗೋವಾದ ರೂಢಿಯಂತೆ ಪಾತ್ರಾಂವ್ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಖರ್ಚು ಕೊಟ್ಟ, ಪರಿಹಾರ ಕೊಟ್ಟ, ಆಮೇಲೆ ನಮ್ಮನ್ನು ಕರೆಸಿದ. ‘ಇನ್ನೊಬ್ಬರು ಬೀಳಬಾರದು’ ಎಂದ. ಮರುವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಘಟಕ ಖಾಲಿ ಬಿದ್ದಿದ್ದಾಗ ನಾವು ನೆಲವನ್ನು ಒರಟು ಮಾಡಿ, ದಾರಿಗೆ ಅಡ್ಡವಾಗಿ ಮೂರು ಕಡೆ ಕಾಲುವೆ ತೆಗೆದು, ಮೇಲೆ ಹಲ್ಲುಪಟ್ಟಿಯ ಗ್ರೇಟಿಂಗ್ ಕೂರಿಸಿದೆವು. ಆ ಸೀಸನ್ನಿನಲ್ಲಿ ಒಬ್ಬರೂ ಬೀಳಲಿಲ್ಲ. ಹೊಸ ಗಿರಾಕಿ ಬಂದರೆ ನಾನು ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಅಷ್ಟು ಹೆಮ್ಮೆ.

2010ರ ಸೆಪ್ಟೆಂಬರಿನಲ್ಲಿ ಅವಳು ಕೆಲಸಕ್ಕೆ ತಿರುಗಿ ಬಂದಳು. ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿ ತೂಕ ಬರೆಯುವ ಮೇಜು. ಅದಕ್ಕೆ ಬೇಕಾದದ್ದು ಕೈ ಮತ್ತು ಕಣ್ಣು. ಬಾ ಎಂದು ಕರೆದವನು ಪಾತ್ರಾಂವನೇ. ಸಡಿಲವಾದ ಒಂದು ಕ್ಲಿಪ್ಪು ಬದಲಿಸಲು ನಾನು ಆ ಬೆಳಿಗ್ಗೆ ಅಲ್ಲಿದ್ದೆ. ಹನ್ನೆರಡು ಹದಿಮೂರರ ಮಗ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಬಾಗಿಲು ದಾಟಿದ ಕೂಡಲೇ ಮೊದಲನೆಯ ಕಾಲುವೆ. ಮುಂದಿನ ಸಣ್ಣ ಚಕ್ರ ಕಿಂಡಿಯೊಳಕ್ಕೆ ಇಳಿದು ಕಚ್ಚಿ ನಿಂತಿತು, ಕುರ್ಚಿ ಮುಗ್ಗರಿಸಿತು. ಹುಡುಗ ತಾಯಿಯ ಭುಜ ಹಿಡಿದುಕೊಳ್ಳದಿದ್ದರೆ ಅವಳು ಅದೇ ಜಾಗದಲ್ಲಿ ಎರಡನೆಯ ಸಲ ಬೀಳುತ್ತಿದ್ದಳು. ನಾನೂ ಇನ್ನೊಬ್ಬನೂ ಸೇರಿ ಕುರ್ಚಿ ಎತ್ತಿ ಆಚೆ ಇಟ್ಟೆವು. ಅವಳು ಸೀರೆ ಸರಿಮಾಡಿಕೊಂಡು, ಗ್ರೇಟಿಂಗನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು: ‘ಅಣ್ಣಾರ, ಇದನ್ನ ನಾ ಬಿದ್ದದ್ದಕ್ಕ ಹಾಕ್ಸಿದ್ರಂತ, ಖರೇ ಏನ್ರೀ?’

ಹೌದು ಎಂದೆ. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಕೇಳಿದ್ದು ನಿಜವೋ ಎಂದು ತಿಳಿಯಬೇಕಿತ್ತು, ಅಷ್ಟೆ.

ಕಾಲುವೆಯ ಮೇಲೆ ಪ್ಲೈವುಡ್ ಹಾಸಿ ನೋಡಿದರು. ನಾಲ್ಕು ದಿನಕ್ಕೆ ಅದರ ಮೇಲೆ ಲೋಳೆ ಹತ್ತಿ ಟ್ರಾಲಿ ತಳ್ಳುವ ಹುಡುಗ ಜಾರಿದ, ಸೂಪರ್‌ವೈಸರ್ ತೆಗೆಸಿದ. ಆಮೇಲೆ ಅವಳನ್ನು ಹೊತ್ತು ದಾಟಿಸುವುದೆಂದಾಯಿತು. ಬೆಳಿಗ್ಗೆ, ಸಂಜೆ, ಊಟಕ್ಕೆ, ಕಕ್ಕಸಿಗೆ, ಹೀಗೆ ದಿನಕ್ಕೆ ಆರೇಳು ಸಲ. ಎರಡು ವಾರ ಬಂದಳು. ಮತ್ತೆ ಬರಲಿಲ್ಲ.

ತಪ್ಪಿದ್ದೆಲ್ಲಿ ಎಂಬುದು ಕಸುಬಿನವನಿಗೆ ಎರಡು ನಿಮಿಷದಲ್ಲಿ ಗೊತ್ತಾಗುವಂಥದು. ಕಾಲುವೆ ದಾರಿಗೆ ಅಡ್ಡ. ಪಟ್ಟಿಗಳು ಕಾಲುವೆಯ ಈ ಅಂಚಿನಿಂದ ಆ ಅಂಚಿಗೆ ಊರಿ ಕೂರುವುದರಿಂದ ಅವು ನಡೆಯುವ ದಿಕ್ಕಿಗೇ ಉದ್ದವಾಗಿ ಬರುತ್ತವೆ; ಕಿಂಡಿಗಳೂ ಅದೇ ದಿಕ್ಕಿಗೆ. ಮುಂದಿನ ಚಕ್ರದ ಅಗಲ ಒಂದು ಇಂಚು, ಕಿಂಡಿಯ ಅಗಲವೂ ಒಂದು ಇಂಚು. ರಸ್ತೆ ಚರಂಡಿಯ ಸರಳುಗಳ ನಡುವೆ ಸೈಕಲ್ಲಿನ ಚಕ್ರ ಸಿಕ್ಕಿ ಮೊಣಕಾಲು ತರಚಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಾನೂ ಅವರಲ್ಲೊಬ್ಬ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ಮೇಲೆ ಬಂದ ಅಳತೆಗಳಲ್ಲಿ, ಗಾಲಿಕುರ್ಚಿ ಓಡಾಡುವ ದಾರಿಯ ಕಿಂಡಿ ಅರ್ಧ ಇಂಚು, ಅಂದರೆ 13 ಮಿಲಿಮೀಟರಿಗಿಂತ ಅಗಲವಿರಬಾರದು, ಉದ್ದ ಕಿಂಡಿಯಾದರೆ ಅದು ಓಡಾಟದ ದಿಕ್ಕಿಗೆ ಅಡ್ಡವಾಗಿರಬೇಕು ಎಂದಿದೆ. ಪಟ್ಟಿಯನ್ನು ಅಡ್ಡ ತಿರುಗಿಸಬೇಕಾದರೆ ಕಾಲುವೆಯೊಳಗೆ ಅಲ್ಲಲ್ಲಿ ಒಂದು ಆಂಗಲ್ ಬೆಸೆದು ಆಧಾರ ಕೊಡಬೇಕು. ನನ್ನ ಶೆಡ್ಡಿನಲ್ಲಿ ಅದು ಅರ್ಧ ದಿನದ ಕೆಲಸ.

ಇಷ್ಟು ಸುಲಭವಾಗಿದ್ದದ್ದೇ ನನ್ನನ್ನು ಹೆಚ್ಚು ಕಾಡಿದ್ದು. ಕಷ್ಟವಾಗಿದ್ದರೆ, ಆಗಲಿಲ್ಲ ಎನ್ನಬಹುದಿತ್ತು.

ಯಾರಿಗಾದರೂ ನಮ್ಮಿಂದ ನೋವಾದರೆ ನಾವು ಕೂಡಲೇ ಹೇಳುವ ಮಾತೊಂದಿದೆ: ‘ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ.’ ಕೇಡು ಬಗೆಯಲಿಲ್ಲ, ಆದ್ದರಿಂದ ತಪ್ಪಿಲ್ಲ ಎಂಬುದು ಅದರ ತಿರುಳು. ನಮ್ಮ ನೀತಿಯ ವಿಚಾರವೆಲ್ಲ ಹೆಚ್ಚುಕಡಿಮೆ ಈ ಬಗೆಯುವಿಕೆಯ ಸುತ್ತಲೇ ತಿರುಗುತ್ತದೆ. ಕೊಂದವನು ಬೇಕೆಂದು ಕೊಂದನೋ, ಕೈತಪ್ಪಿತೋ ಎಂದು ಕೋರ್ಟೂ ಕೇಳುತ್ತದೆ, ಪುರಾಣವೂ ಕೇಳುತ್ತದೆ. ಆದರೆ ಆ ಕಾಲುವೆಯ ಮುಂದೆ ನಿಂತು ಆ ಮಾತನ್ನು ಹೇಳಲು ಹೊರಟರೆ ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ನಿಜ, ಅವಳೂ ಇರಲಿಲ್ಲ. ಅವಳು ಬಿದ್ದದ್ದಕ್ಕೇ ಹಾಕಿದ ನೆಲದ ಅಳತೆ ತೆಗೆಯುವಾಗ ಅವಳೊಬ್ಬಳು ಮಾತ್ರ ನೆನಪಾಗಲಿಲ್ಲ. ಇನ್ನೊಬ್ಬರು ಬೀಳಬಾರದು ಎಂದುಕೊಂಡೆವು; ಬಿದ್ದವಳು ಏಳಬಹುದು, ಎದ್ದು ಇಲ್ಲಿಗೇ ಬರಬಹುದು ಎಂದುಕೊಳ್ಳಲಿಲ್ಲ. ಅವಳು ಆಸ್ಪತ್ರೆಯ ಲೆಕ್ಕಕ್ಕೆ ಹೋದಳು, ಪರಿಹಾರದ ಲೆಕ್ಕಕ್ಕೆ ಹೋದಳು. ನೆಲದ ಲೆಕ್ಕದಿಂದ ಹೊರಗಾದಳು.

ಕಾಯ್ದೆಯೂ ಹೀಗೆಯೇ ಬೇರೆ ಬೇರೆ ಕಪಾಟುಗಳಲ್ಲಿ ಕುಳಿತಿದೆ ಎಂದು ಆಮೇಲೆ ತಿಳಿಯಿತು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 32ನೆಯ ಸೆಕ್ಷನ್, ನೆಲ ಮತ್ತು ಮೆಟ್ಟಿಲುಗಳ ಮೇಲೆ ಜನ ಜಾರುವಂಥ ವಸ್ತು ಇರಬಾರದು ಎಂದಿತು. ನಡೆಯುವವರ ಕಪಾಟು ಅದು. ಆಗಿನ ಪರಿಹಾರದ ಕಾಯ್ದೆ 1923ರದು. ಅದರ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 30, ಒಂದು ಕಣ್ಣು ಹೋದರೆ ನೂರಕ್ಕೆ 40 ಭಾಗ ಹೋಯಿತೆಂದು ಲೆಕ್ಕ. ದುಡಿಯುವ ಶಕ್ತಿ ಪೂರ್ತಿ ಮೈಯೊಳಗೇ ಇದೆ ಎಂಬಂತೆ ಈ ಗಣಿತ. ನಾನು ನೋಡಿದ ಸಂಗತಿ ಬೇರೆ. ಮೇಜಿನ ಬಳಿ ತಲುಪಿದ ಮೇಲೆ ಅವಳು ಮಿಕ್ಕವರಿಗಿಂತ ಕಡಿಮೆ ಲೇಬಲ್ ಅಂಟಿಸಲಿಲ್ಲ. ಅವಳಿಂದ ಹೋದ ಶಕ್ತಿಯಲ್ಲಿ ಒಂದು ಪಾಲು ಬೆನ್ನುಮೂಳೆಯಲ್ಲಿತ್ತು, ಇನ್ನೊಂದು ಪಾಲು ನನ್ನ 25 ಮಿಲಿಮೀಟರಿನಲ್ಲಿತ್ತು. ಆ ಎರಡನೆಯದಕ್ಕೆ ಯಾವ ಪಟ್ಟಿಯಲ್ಲೂ ಅಂಕೆಯಿಲ್ಲ.

ಮೂರನೆಯ ಕಪಾಟು ಅಂಗವಿಕಲರ ಹಕ್ಕುಗಳದು. 1995ರ ಕಾಯ್ದೆಯ 47ನೆಯ ಸೆಕ್ಷನ್, ಕೆಲಸದಲ್ಲಿರುವಾಗ ಅಂಗವಿಕಲನಾದ ಸರಕಾರಿ ನೌಕರನನ್ನು ತೆಗೆಯಬಾರದು ಎಂದಿತು; 2016ರ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಆ ರಕ್ಷಣೆ ಸರಕಾರಿ ಸಂಸ್ಥೆಗಳ ನೌಕರರಿಗೆ. ಮೀನಿನ ಘಟಕದ ಕೂಲಿಯವಳಿಗೆ ಪಾತ್ರಾಂವನ ಒಳ್ಳೆಯತನವೇ ಗತಿ. ಕಟ್ಟಡಗಳ ವಿಚಾರಕ್ಕೆ ಬಂದರೆ, ದೃಷ್ಟಿಹೀನರಾದ ರಾಜೀವ್ ರತೂರಿ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯ ಮೇಲೆ 2024ರ ನವೆಂಬರ್ 8ರಂದು ಬಂದ ತೀರ್ಪು ದೊಡ್ಡದು. ಎಲ್ಲರೂ ಬಳಸುವಂತೆ ಕಟ್ಟಬೇಕೆಂಬ ಅಳತೆಗಳು ಬರಿಯ ಸಲಹೆಯಾಗಿದ್ದರೆ ಸಾಲದು, ಪಾಲಿಸಲೇಬೇಕಾದ ನಿಯಮಗಳಾಗಬೇಕು ಎಂದಿತು ಕೋರ್ಟು. ಅರ್ಜಿಯಿಂದ ಈ ಮಾತಿನವರೆಗೆ ಹತ್ತೊಂಬತ್ತು ವರ್ಷ.

ಪಣಜಿಯಲ್ಲಿ 2023ರ ಜನವರಿಯಲ್ಲಿ ಮೊದಲ ಪರ್ಪಲ್ ಫೆಸ್ಟ್ ನಡೆದಾಗ ನೋಡಲು ಹೋಗಿದ್ದೆ. ಅಂಗವಿಕಲರ ದೊಡ್ಡ ಉತ್ಸವ. ಸಂತೋಷವಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೂ ರ‍್ಯಾಂಪುಗಳ ಬುಡ ನೋಡುತ್ತಾ ತಿರುಗಿದ ನನಗೆ, ಅತಿಥಿಗೆ ಹಾಸುವ ಚಾಪೆ ಬೇರೆ, ಮನೆಯವರು ನಿತ್ಯ ನಡೆಯುವ ನೆಲ ಬೇರೆ ಎನ್ನಿಸುತ್ತಲೇ ಇತ್ತು. ಹಬ್ಬಕ್ಕೆ ಕರೆಯುವುದಕ್ಕೂ ದುಡಿಮೆಗೆ ಕರೆಯುವುದಕ್ಕೂ ಬಹಳ ಅಂತರ.

ನಮ್ಮ ತೋಟಗಳ ಗೇಟಿನ ಬುಡದಲ್ಲಿ ಗುಂಡಿ ತೆಗೆದು ಮೇಲೆ ಕಬ್ಬಿಣದ ಪೈಪುಗಳನ್ನು ಎಡೆಬಿಟ್ಟು ಜೋಡಿಸುತ್ತಾರಲ್ಲ, ದನ ದಾಟದ ಹಾಗೆ? ಜೀಪು ಹೋಗುತ್ತದೆ, ಮನುಷ್ಯ ಹೋಗುತ್ತಾನೆ, ಗೊರಸು ಮಾತ್ರ ಎಡೆಯಲ್ಲಿ ಇಳಿಯುತ್ತದೆ. ದನ ಒಮ್ಮೆ ಮೂಸಿ ನೋಡಿ ಹಿಂದಿರುಗುತ್ತದೆ. ಕಾವಲುಗಾರನೂ ಬೇಡ, ಕೋಲೂ ಬೇಡ. ಅದನ್ನು ಹಾಕಿದವನಿಗೆ ತಾನು ಯಾರನ್ನು ತಡೆಯುತ್ತಿದ್ದೇನೆಂದು ಗೊತ್ತಿರುತ್ತದೆ. ನಾನು ಹಾಕಿದ್ದೂ ಅದನ್ನೇ, ಗೊತ್ತಿಲ್ಲದೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಬಹಳ ಸಲ ಯೋಚಿಸಿದ್ದೇನೆ. ಗೊತ್ತಿದ್ದು ತಡೆಯುವವನ ಹತ್ತಿರ ಜಗಳವಾದರೂ ಆಡಬಹುದು. ಗೊತ್ತಿಲ್ಲದವನ ಹತ್ತಿರ ಜಗಳಕ್ಕೂ ಜಾಗವಿಲ್ಲ, ಅವನು ನಗುಮುಖದಿಂದಲೇ ಇರುತ್ತಾನೆ. ಬಯಲಾಟ ನೋಡಿ ಬೆಳೆದವರಿಗೆ ಮಯಸಭೆಯ ಪ್ರಸಂಗ ಗೊತ್ತೇ ಇದೆ. ನೆಲವೆಂದುಕೊಂಡಲ್ಲಿ ನೀರು, ನೀರೆಂದುಕೊಂಡಲ್ಲಿ ನೆಲ. ಕೌರವ ಬಿದ್ದ, ಪಾಂಡವರ ಕಡೆಯವರು ನಕ್ಕರು. ಆ ನಗು ಮುಂದೆ ಏನೇನು ಮಾಡಿಸಿತೆಂಬುದನ್ನು ಎಲ್ಲರೂ ಹೇಳುತ್ತಾರೆ. ಅತಿಥಿ ಬೀಳುವಂಥ ನೆಲವನ್ನು ಕಟ್ಟಿದ ಮಯನನ್ನು ಮಾತ್ರ ಯಾವ ಅರ್ಥಧಾರಿಯೂ ತರಾಟೆಗೆ ತೆಗೆದುಕೊಂಡದ್ದನ್ನು ನಾನು ಕೇಳಿಲ್ಲ.

‘ಒಬ್ಬಳಿಗಾಗಿ ಎಂಬತ್ತು ಜನರ ನೆಲ ಬದಲಿಸುವುದೇ?’ ಎಂದು ಸೂಪರ್‌ವೈಸರ್ ಕೇಳಿದ್ದ. ಈ ಎಣಿಕೆಯ ನ್ಯಾಯ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಅವಳು ಒಬ್ಬಳೇ ಯಾಕಾದಳು? ಕಾಲು ಕಳೆದುಕೊಂಡವರು, ಕಣ್ಣು ಮಂದವಾದವರು ಕಾರ್ಖಾನೆಗಳಿಂದ ತಮ್ಮ ತಮ್ಮ ಊರಿಗೆ ಹೋಗಿ ಮೂಲೆ ಸೇರಿದ್ದರಿಂದ. ಬರುವವರಿಲ್ಲ, ಹಾಗಾಗಿ ದಾರಿ ಬೇಡ. ದಾರಿಯಿಲ್ಲ, ಹಾಗಾಗಿ ಬರುವವರಿಲ್ಲ. ಈ ತರ್ಕದ ರುಚಿ ಕಾಸರಗೋಡಿನ ಕನ್ನಡದ ಮನೆಗಳಿಗೆ ಹೊಸದಲ್ಲ. ಕನ್ನಡದ ಫಾರಂ ಕೇಳುವವರಿಲ್ಲ ಎಂದು ಅಚ್ಚು ಹಾಕುವುದಿಲ್ಲ. ಅಚ್ಚು ಹಾಕದ್ದರಿಂದ ಕೇಳಿ ಕೇಳಿ ಸೋತವರು ಪಕ್ಕದವರಿಂದ ಮಲಯಾಳದಲ್ಲಿ ಬರೆಸಿಕೊಂಡು ಬರುತ್ತಾರೆ. ಕೌಂಟರಿನಲ್ಲಿ ಕುಳಿತವನು ಕೆಟ್ಟವನಲ್ಲ, ಎಷ್ಟೋ ಸಲ ತಾನೇ ಬರೆದುಕೊಡುತ್ತಾನೆ. ಅದೂ ಹೊತ್ತು ದಾಟಿಸುವ ಉಪಕಾರವೇ. 1956ರಲ್ಲಿ ನಾವು ಈಚೆಗಾದ ವರ್ಷವೇ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿತು. ಎಣಿಕೆ ಕಡಿಮೆ ಎಂಬುದು ಕೊಡದಿರಲು ಕಾರಣವಲ್ಲ, ಕೊಡಲೇಬೇಕೆನ್ನಲು ಕಾರಣ ಎಂಬ ಅರ್ಥದಲ್ಲಿಯೇ ನಾವು ಅದನ್ನು ಓದುತ್ತ ಬಂದಿದ್ದೇವೆ.

ಹಾಗೆ ಓದುವವರು ನಮ್ಮ ಸಭಾಭವನಗಳ ಮೆಟ್ಟಿಲುಗಳನ್ನೂ ಒಮ್ಮೆ ಎಣಿಸಬೇಕು. ಎಣ್ಮಕಜೆ, ಪಡ್ರೆ, ಸ್ವರ್ಗದ ಹೆಸರುಗಳನ್ನು ಕೇಳದವರು ನಮ್ಮಲ್ಲಿಲ್ಲ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು, 2000ದಲ್ಲಿ ಅದು ನಿಂತಿತು. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಹಣಕ್ಕಾಗಿ ಪಟ್ಟ ಪಾಡು ಸಣ್ಣದಲ್ಲ. ಆದರೆ ಅಂದಿನ ಮಕ್ಕಳು ಈಗ ಮೂವತ್ತು ದಾಟಿದ್ದಾರೆ. ಹಾಸಿಗೆಯಲ್ಲೇ ಇರುವವರ ಮಾತು ಬೇರೆ. ಕುಳಿತು ಕೆಲಸ ಮಾಡಬಲ್ಲವರೂ ಅವರಲ್ಲಿದ್ದಾರೆ. ಬ್ಯಾಂಕಿಗೆ, ವಾಚನಾಲಯಕ್ಕೆ, ಸಹಕಾರಿ ಸಂಘದ ಮೇಜಿಗೆ ಅವರ ಚಕ್ರ ಹೋಗುವ ನೆಲ ಎಷ್ಟಿದೆ? ಕನ್ನಡಕ್ಕಾಗಿ ನಾವು ಸಭೆ ಸೇರುವ ಹಾಲಿಗೆ ಅವರು ಬರಬೇಕಾದರೆ ಎಷ್ಟು ಜನ ಹೊರಬೇಕು? ಇಷ್ಟು ಬರೆಯುವ ನಾನೂ ಊರಿಗೆ ಬಂದು ಕಟ್ಟಿಸಿದ ಮನೆಗೆ ಐದು ಮೆಟ್ಟಿಲು ಇಟ್ಟಿದ್ದೇನೆ. ತಗ್ಗು ಜಾಗ, ನೀರು ನುಗ್ಗುತ್ತದೆ ಎಂಬ ಕಾರಣ ನನ್ನ ಹತ್ತಿರವೂ ಇದೆ.

ಕಾರಣಗಳು ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಕಸುಬಿಗೆ ಅನ್ಯಾಯವಾಗುತ್ತದೆ. ಕಿಂಡಿ ಕಿರಿದಾದಷ್ಟೂ ಹುರುಪೆ ಸಿಕ್ಕಿ ಕಟ್ಟುತ್ತದೆ, ನೀರು ನಿಲ್ಲುತ್ತದೆ, ನಿಂತ ನೀರು ಮತ್ತೆ ಜಾರಿಸುತ್ತದೆ. ಪಟ್ಟಿಗಳು ಹತ್ತಿರವಾದಷ್ಟೂ ತೂಕ ಏರುತ್ತದೆ, ಕ್ರಯ ಏರುತ್ತದೆ. ಹಲ್ಲು ಚೂಪಾದರೆ ಚಪ್ಪಲಿಗೆ ಹಿಡಿತ. ಆದರೆ ಅಲ್ಲೇ ಬಿದ್ದವನ ಮೊಣಕಾಲನ್ನು ಅದು ಸುಲಿಯುತ್ತದೆ. ಒಬ್ಬನನ್ನು ಕಾಯುವ ಗುಣವೇ ಇನ್ನೊಬ್ಬನಿಗೆ ಅಡ್ಡಿ. ಬಾಯ್ಲರಿನ ಸುತ್ತ ಮೂವತ್ತು ಅಡಿ ಎತ್ತರದ ಕಿರುದಾರಿಗೆ ಗಾಲಿಕುರ್ಚಿ ಹತ್ತಿಸಬೇಕೆಂದು ನಾನು ಹೇಳುವುದಿಲ್ಲ. ಆಗದ ನೆಲಗಳಿವೆ. ಆದರೆ ನಾನು ಹಾಕಿದ ನೂರಾರು ನೆಲಗಳಲ್ಲಿ ‘ಆಗುವುದಿಲ್ಲ’ ಎಂದು ತೀರ್ಮಾನಿಸಿ ಹಾಗೆ ಬಿಟ್ಟದ್ದು ಯಾವುದು ಎಂದು ಕೇಳಿದರೆ ಒಂದನ್ನೂ ತೋರಿಸಲಾರೆ. ಕೇಳಿದವರೇ ಇರಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಗಾಂಧೀಜಿ 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ರಸ್ಕಿನ್ನನ ಪುಸ್ತಕ ಓದಿ ಬದುಕಿನ ದಾರಿಯನ್ನೇ ಬದಲಿಸಿದರು, ‘ಸರ್ವೋದಯ’ ಎಂಬ ಹೆಸರು ಬಂದದ್ದು ಅದರಿಂದ ಎಂಬುದು ನಮಗೆಲ್ಲ ಶಾಲೆಯಲ್ಲಿ ಕಲಿಸಿದ ಮಾತು. ಆ ಪುಸ್ತಕದ ಹೆಸರಿನ ಹಿಂದೆ ಬೈಬಲ್ಲಿನ ದ್ರಾಕ್ಷಿತೋಟದ ಕತೆಯಿದೆ. ಹೊತ್ತು ಇಳಿದರೂ ಪೇಟೆಯಲ್ಲಿ ಸುಮ್ಮನೆ ನಿಂತಿದ್ದವರನ್ನು ತೋಟದ ಯಜಮಾನ ಯಾಕೆಂದು ಕೇಳುತ್ತಾನೆ. ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಅವರು ಹೇಳುತ್ತಾರೆ. ಅವನು ಕರೆದ, ಕೊನೆಗೆ ಬಂದವರಿಗೂ ಸರಿಸಮ ಕೂಲಿ ಕೊಟ್ಟ. ಪಾತ್ರಾಂವ್ ಪ್ರತಿ ಭಾನುವಾರ ಇಗರ್ಜಿಗೆ ಹೋಗುವವನು, ಈ ಕತೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನೂ ಕರೆದಿದ್ದ, ಕೂಲಿ ಕೊಡಲೂ ತಯಾರಿದ್ದ. ದ್ರಾಕ್ಷಿತೋಟಕ್ಕೆ ಕಾಲುದಾರಿ ಹೇಗಿತ್ತೆಂದು ಕತೆ ಹೇಳುವುದಿಲ್ಲ.

ಆ ವರ್ಷ ನವೆಂಬರಿನಲ್ಲಿ ನಾನು ನನ್ನದೇ ಖರ್ಚಿನಲ್ಲಿ ಮೊದಲನೆಯ ಕಾಲುವೆಗೆ ಹೊಸ ಗ್ರೇಟಿಂಗ್ ಮಾಡಿದೆ. ಒಳಗೆ ಆಂಗಲ್ ಕೊಟ್ಟು ಪಟ್ಟಿಗಳನ್ನು ದಾರಿಗೆ ಅಡ್ಡ ತಿರುಗಿಸಿದೆ, ಕಿಂಡಿಯನ್ನು 11 ಮಿಲಿಮೀಟರಿಗೆ ಇಳಿಸಿದೆ. ಹುರುಪೆ ಕಟ್ಟುವುದಕ್ಕೆ ಉಪಾಯವೆಂದರೆ ದಿನಾ ಸಂಜೆ ಎತ್ತಿ ಪೈಪಿನ ನೀರಿನಿಂದ ತೊಳೆಯುವುದು. ಹತ್ತು ನಿಮಿಷದ ಕೆಲಸ. ಒಬ್ಬರೇ ಎತ್ತುವಂತೆ ಹಲಗೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿದೆ. ಕೂರಿಸಿದ ದಿನ ಅವಳಿದ್ದ ಬಿಡಾರಕ್ಕೆ ಹೇಳಿಕಳಿಸಿದೆ. ದೀಪಾವಳಿಗೆ ಊರಿಗೆ ಹೋದವರು ತಿರುಗಿ ಬಂದಿಲ್ಲ ಎಂಬ ಉತ್ತರ ಬಂತು. ಆಮೇಲೂ ಬರಲಿಲ್ಲ.

ಟ್ರಾಲಿ ತಳ್ಳುವ ಹುಡುಗರಿಗೆ ಮಾತ್ರ ಬಹಳ ಖುಷಿಯಾಯಿತು. ಮೊದಲು ಟ್ರಾಲಿಯ ಚಕ್ರ ಕಿಂಡಿಗೆ ತಾಗಿ ಧಡಧಡ ಎನ್ನುತ್ತಿತ್ತು, ಕ್ರೇಟು ಅಲುಗಿ ಮೀನು ಚೆಲ್ಲುತ್ತಿತ್ತು, ಈಗ ಸರಾಗ. ಪಾತ್ರಾಂವ್ ಬಂದು ನೋಡಿದ, ತಾನೇ ಒಂದು ಟ್ರಾಲಿ ಆಚೀಚೆ ತಳ್ಳಿಸಿದ. ಉಳಿದ ಎರಡು ಕಾಲುವೆಗಳಿಗೂ ಇದನ್ನೇ ಹಾಕಿಕೊಡು, ಲೆಕ್ಕ ಬರೆದು ಕಳಿಸು ಎಂದ. ಬಿಲ್ಲಿನಲ್ಲಿ ಟ್ರಾಲಿ ದಾರಿಯ ದುರಸ್ತಿ ಎಂದು ಬರೆದೆವು.